ಖಾನಾವಳಿಯ ತಾಟು ಮತ್ತು ಹಾಟ್‌ಸ್ಪಾಟ್

ಬಳ್ಳಾರಿಯ ನಮ್ಮ ಜೀನ್ಸ್ ಘಟಕದಲ್ಲಿ ಕರೆಂಟ್ ಹೋದರೆ ಮೊದಲು ಹೊಲಿಗೆ ಯಂತ್ರಗಳು ನಿಲ್ಲುತ್ತವೆ, ಅವುಗಳ ಹಿಂದೆಯೇ ನನ್ನ ಇಂಟರ್‌ನೆಟ್. ಮೂಟೆ ಹೇರಿದ ಟೆಂಪೋ ಬಾಗಿಲಲ್ಲೇ ನಿಂತಿರುತ್ತದೆ. ಆನ್‌ಲೈನ್‌ನಲ್ಲಿ ತೆಗೆಯಬೇಕಾದ ಸರಕು ಸಾಗಣೆಯ ಚೀಟಿ, ಅಂದರೆ ಇ-ವೇ ಬಿಲ್, ಕೈಗೆ ಸಿಗದೆ ಚಾಲಕ ಕದಲುವುದಿಲ್ಲ. ಆಗ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ಜೋಡಿಸುತ್ತೇನೆ. ಏಪ್ರಿಲ್ ಬಿಸಿಲಿಗೆ ಫೋನ್ ದೋಸೆ ಹಂಚಿನಂತೆ ಕಾದಿರುತ್ತದೆ. ಹಾಜರಿ ಪುಸ್ತಕದಿಂದ ಗಾಳಿ ಬೀಸುತ್ತೇನೆ, ನನಗಲ್ಲ, ಅದಕ್ಕೆ.

ನನ್ನದು ದಿನಕ್ಕೆ 2 ಜಿಬಿ ಪ್ಯಾಕ್. ಹಾಟ್‌ಸ್ಪಾಟ್‌ಗೆಂದು ಯಾರೂ ಬೇರೆ ದುಡ್ಡು ಕೇಳಿಲ್ಲ. ಅದಕ್ಕೇ ಡಾಲಸ್‌ನಲ್ಲಿರುವ ಅಣ್ಣನ ಮಗ, "ಅತ್ತೆ, ಇಲ್ಲಿ ನನ್ನ ಪ್ಲಾನ್‌ನಲ್ಲಿ ಅದಕ್ಕೆ ಪ್ರತ್ಯೇಕ ಶುಲ್ಕ" ಎಂದಾಗ ನಂಬಲಿಲ್ಲ. ಕಂಪನಿಗೆ ಗೊತ್ತಾಗುವುದಾದರೂ ಹೇಗೆ? ಅವನು ವಿವರಿಸಿದ: ಫೋನ್‌ನಿಂದ ಹೊರಡುವ ಪ್ರತಿ ದತ್ತಾಂಶ ಕಂತೆಯ ಮೇಲೂ ಸಾಮಾನ್ಯವಾಗಿ 64 ಎಂಬ ಎಣಿಕೆ ಇರುತ್ತದೆ. ಲ್ಯಾಪ್‌ಟಾಪ್‌ನಿಂದ ಬಂದ ಕಂತೆ ಫೋನನ್ನು ದಾಟುವಾಗ ಅದರ ಎಣಿಕೆಯಲ್ಲಿ ಒಂದು ಕಳೆಯುತ್ತದೆ. 63 ಎಂದು ಕಂಡರೆ ಸಾಕು, ಸಿಕ್ಕಿಬಿದ್ದಂತೆ. ನಮ್ಮ ಬಂಡಲ್ ಚೀಟಿ ನೋಡಿ ಯಾರ ಕೈ ದಾಟಿ ಬಂದಿದೆ ಎಂದು ಹೇಳುವ ಹಾಗೆ.

ತಾನಿನಿಂದ ಅಳೆದು ಬಟ್ಟೆ ಮಾರಿದ ವ್ಯಾಪಾರಿ, ಅದರಲ್ಲಿ ನಿನಗೆ ಪ್ಯಾಂಟ್ ಹೊಲಿಸಿಕೊಳ್ಳುತ್ತೀಯೋ ತಮ್ಮನಿಗೋ ಎಂದು ಕೇಳಿ ಮತ್ತೆ ಹಣ ಪಡೆದರೆ ಜಗಳವಾಗುತ್ತದೆ. ಅಳೆದು ಕೊಟ್ಟ 2 ಜಿಬಿಗೆ ಹಾಟ್‌ಸ್ಪಾಟ್ ಶುಲ್ಕವೆಂದರೆ ಅದೇ ಕಥೆ. ಅಮೆರಿಕದಲ್ಲೂ 2012ರಲ್ಲಿ ಇದು ದೊಡ್ಡದಾಯಿತಂತೆ. ಟೆದರಿಂಗ್, ಅಂದರೆ ಹಾಟ್‌ಸ್ಪಾಟ್‌ನಂತೆ ಫೋನ್‌ನ ಇಂಟರ್‌ನೆಟ್ ಹಂಚುವ, ಆ್ಯಪ್‌ಗಳನ್ನು ತಡೆಯಲು ಹೋದದ್ದಕ್ಕೆ ಅಲ್ಲಿನ ಮೊಬೈಲ್ ಕಂಪನಿ ವೆರಿಝಾನ್ 12.5 ಲಕ್ಷ ಡಾಲರ್ ಕಟ್ಟಿತು. ಬಳಕೆಗೆ ತಕ್ಕಂತೆ ಹಣ ಕೊಡುವವರಿಗೆ ಟೆದರಿಂಗ್ ಶುಲ್ಕ ಹಾಕುವುದನ್ನೂ ಬಿಟ್ಟಿತು.

ಆದರೆ ಹುಡುಗನದು ಮಿತಿಯಿಲ್ಲದ ಪ್ಲಾನ್. ಅಲ್ಲಿ ನನಗೆ ಕಂಪನಿಯ ಮಾತೂ ಸರಿ ಎನಿಸಿತು. ಖಾನಾವಳಿಯಲ್ಲಿ ರೊಟ್ಟಿಗೆ ಲೆಕ್ಕವಿಲ್ಲ, ನಿಜ. ಹಾಗೆಂದು ಒಂದೇ ತಾಟಿಗೆ ಇಬ್ಬರು ಕೂತರೆ ಮಾಲೀಕ ಸುಮ್ಮನಿರುತ್ತಾನೆಯೇ? ಅವನು ಅದನ್ನು ಬಾಗಿಲಲ್ಲೇ ಬರೆದು ಹಾಕಿರಬೇಕು, ಅಷ್ಟೆ. ಊಟದ ನಡುವೆ ಬಂದು ಕೈ ಹಿಡಿಯಬಾರದು. ಅಣ್ಣನ ಮಗನಿಗೆ ಲ್ಯಾಪ್‌ಟಾಪ್ ಜೋಡಿಸಿದ ಮೇಲೆಯೇ ವಿಷಯ ತಿಳಿದದ್ದು.

ನಾನೂ ಈಗ ಮಾಲೀಕಳ ಸಾಲಿಗೆ ಸೇರಿದ್ದೇನೆ. ಘಟಕದಲ್ಲಿ ಅರ್ಧ ಜನರಿಗೆ ನನ್ನ ಪಾಸ್‌ವರ್ಡ್ ಗೊತ್ತಾಗಿ, ನಾಲ್ಕು ಗಂಟೆಗೆಲ್ಲ 2 ಜಿಬಿ ಮುಗಿಯುತ್ತಿತ್ತು. ನಿನ್ನೆ ಬದಲಿಸಿದೆ. ಇಂದು ಬೆಳಿಗ್ಗೆಯಿಂದ ಕಟಿಂಗ್ ಮಾಸ್ಟರ್ ನನ್ನೊಂದಿಗೆ ಮಾತನಾಡಿಲ್ಲ.