ಮಾಗಡಿ ಕೆರೆ ದಂಡೆಯಲ್ಲಿ ಒಂದು ಬೆಳಗು

ಸಂಕ್ರಾಂತಿ ಮುಗಿದ ವಾರ. ಧಾರವಾಡದಿಂದ ನಸುಕಿನ ನಾಲ್ಕಕ್ಕೇ ಬೈಕ್ ಹತ್ತಿದೆ. ಹುಬ್ಬಳ್ಳಿ, ಲಕ್ಷ್ಮೇಶ್ವರ ದಾಟಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಮುಟ್ಟುವಷ್ಟರಲ್ಲಿ ಬೆಳಕು ಹರಿದಿತ್ತು. ಚಳಿಗೆ ಬೆರಳು ಮರಗಟ್ಟಿದ್ದವು.

ಪಟ್ಟೆತಲೆ ಹೆಬ್ಬಾತುಗಳಿಗಾಗಿ ಬಂದಿದ್ದೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಹಕ್ಕಿಗಳಿವು. ಚಳಿಗಾಲಕ್ಕೆ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ರಾತ್ರಿ ಸುತ್ತಲ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿತು. ಆದರೆ ಹಕ್ಕಿಗಳು ಅದಕ್ಕೂ ಎಷ್ಟೋ ವರ್ಷ ಮೊದಲಿಂದಲೇ ಬರುತ್ತಿವೆ.

ನೀರಂಚಿನಲ್ಲಿ ನೂರಾರು ಕೂತಿದ್ದವು. ಇನ್ನೊಂದು ಹತ್ತು ಹೆಜ್ಜೆ ಹತ್ತಿರ ಹೋದರೆ ಒಳ್ಳೆ ಫೋಟೋ ಸಿಗುತ್ತದೆ ಅನ್ನಿಸಿತು. ಬಗ್ಗಿಕೊಂಡು ಹೊರಟೆ. ಮೊದಲು ಒಂದು ಕತ್ತೆತ್ತಿತು, ಆಮೇಲೆ ಹತ್ತು. ನಾನು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಗದ್ದಲ ಎದ್ದಿತು, ಇಡೀ ಹಿಂಡು ಹಾರಿ ಆಚೆ ದಂಡೆಗೆ ಹೋಯಿತು. ಇವತ್ತಿಗೂ ಅದು ನೆನಪಾದರೆ ಕೆಡುಕೆನಿಸುತ್ತದೆ.

"ತಮ್ಮಾ, ನೀ ಹೋದಷ್ಟೂ ಅವು ದೂರ ಹೋಗ್ತಾವ. ರಾತ್ರಿಯೆಲ್ಲಾ ಮೇದು ಬಂದಾವ, ನಿದ್ದಿ ಬ್ಯಾಡೇನು? ಕುಂದ್ರು."

ಕುರಿ ಕಾಯುವ ಅಜ್ಜ. ಹೆಗಲ ಮೇಲೆ ಕರಿ ಕಂಬಳಿ. ಬೈಗುಳದ ದನಿಯಲ್ಲ, ಆದರೂ ನಾಚಿಕೆಯಾಯಿತು. ಅಲ್ಲೇ ಎಕ್ಕೆ ಗಿಡದ ಪಕ್ಕ ಕೂತೆ.

ಸುಮ್ನೆ ಕೂತಾಗಲೇ ಕಂಡದ್ದು ಆ ಹುಳ. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆ. ಮೈಮೇಲೆ ಮೂರು ಜೊತೆ ಕರಿ ಎಳೆಗಳು. ಪ್ಲೇನ್ ಟೈಗರ್ ಅನ್ನುವ ಪಾತರಗಿತ್ತಿಯ ಮರಿ. ಎಕ್ಕೆ ಎಲೆ ಮುರಿದರೆ ಅಂಟಂಟು ಹಾಲು ಬರುತ್ತದೆ ಅಲ್ವಾ? ಈ ಹುಳ ಮೊದಲು ಎಲೆಯ ನರವನ್ನು ಕಚ್ಚಿ ಹಾಲು ಹರಿಯದಂತೆ ಮಾಡಿ, ಅದರಾಚೆಯ ಭಾಗ ತಿನ್ನುತ್ತದೆ. ಕಚ್ಚಿದ ಜಾಗದಲ್ಲಿ ಒಂದು ಬಿಳಿ ಹನಿ ನಿಂತಿತ್ತು. ಹುಳ ತಲೆ ಮೇಲೆ ಕೆಳಗೆ ಆಡಿಸುತ್ತಾ ಎಲೆಯ ಅಂಚನ್ನು ಕೊಯ್ಯುತ್ತಿತ್ತು.

ಸಣ್ಣದನ್ನು ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್ ಹಾಕಿದೆ. ಇಷ್ಟು ಹತ್ತಿರದಲ್ಲಿ ಕೂದಲೆಳೆಯಷ್ಟು ಅಲುಗಿದರೂ ಫೋಕಸ್ ತಪ್ಪುತ್ತದೆ. ಗಾಳಿ ಬೇರೆ. ಫೋಕಸ್ ಇನ್ನಷ್ಟು ಆಳಕ್ಕೆ ಸಿಗಲೆಂದು ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ 11ಕ್ಕೆ ಕಿರಿದು ಮಾಡಿದೆ, ಉಸಿರು ಹಿಡಿದೆ, ಆದರೂ ಎಲ್ಲ ಮಸುಕು. ಅಜ್ಜ ನೋಡುತ್ತಾ ನಿಂತಿದ್ದವನು ಹತ್ತಿರ ಬಂದ. ಕಂಬಳಿ ಬಿಚ್ಚಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಗಾಳಿಗೆ ಅಡ್ಡ ನಿಂತ. ಎಲೆ ನಿಂತಿತು. ಆ ಹಾಲಿನ ಹನಿ, ಹುಳದ ಬಾಯಿ, ಎಲ್ಲ ಸ್ಪಷ್ಟವಾಗಿ ಬಂತು.

ಕ್ಯಾಮೆರಾದ ಪರದೆ ತೋರಿಸಿದೆ. ಅಜ್ಜ ಬಹಳ ಹೊತ್ತು ನೋಡಿದ. "ದಿನಾ ಇದೇ ಗಿಡದ ಬಾಜೂ ಕುಂದರ್ತೀನಿ. ಇದು ಹಿಂಗ ತಿಂತೈತಿ ಅಂತ ಗೊತ್ತಿರಲಿಲ್ಲ ನೋಡು."

ಮಾತಾಡುತ್ತಾ ಗಂಟೆ ಜಾಸ್ತಿಯೇ ಕಳೆಯಿತು. ಅಷ್ಟರಲ್ಲಿ ಹೆಬ್ಬಾತುಗಳು ಒಂದೊಂದೇ ಗುಂಪಾಗಿ ಈಜಿ ಈಚೆ ಬಂದಿದ್ದವು. ಬೆಳಿಗ್ಗೆಗಿಂತ ಹತ್ತಿರ. ಅಜ್ಜ ಕಣ್ಸನ್ನೆ ಮಾಡಿದ. ನಾನು ಏಳಲಿಲ್ಲ, ಕೂತಲ್ಲೇ ಮೆಲ್ಲಗೆ ಉದ್ದ ಲೆನ್ಸ್ ಬದಲಿಸಿ ಮೊಣಕಾಲ ಮೇಲಿಟ್ಟೆ.

ಒಂದು ಹಕ್ಕಿ ಕತ್ತು ತಿರುಗಿಸಿ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿತ್ತು. ತಲೆಯ ಹಿಂದಿನ ಎರಡು ಕರಿ ಪಟ್ಟೆಗಳು ನಮ್ಮ ಕಡೆಗೇ ಇದ್ದವು. ಶಟರ್ ಸದ್ದಿಗೂ ಅದು ಕತ್ತೆತ್ತಲಿಲ್ಲ.