ಉಸಿರು ಬಿಡಮ್ಮಾ

ಆ ಶನಿವಾರ ರಾತ್ರಿ ಕೋಲಾರದ ಚಿಕ್ಕಮ್ಮನ ಮನೆಯಲ್ಲಿ ಕರೆಂಟು ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು. ಚಿಕ್ಕಮ್ಮನ ಮಗಳೂ ನಾನೂ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ‘ದಿ ಡಿಸೆಂಟ್’ ನೋಡಲು ಕೂತೆವು. ಬೆಳಗ್ಗೆ ಅಂತರಗಂಗೆ ಗುಹೆಗಳಿಗೆ ಹೋಗೋದು ಅಂತ ಮಾತಾಗಿತ್ತು. ಅದಕ್ಕೇ ಗುಹೆಯ ಸಿನಿಮಾ ಹುಡುಕಿದ್ದು.

2005ರ ಸಿನಿಮಾ, ನಿರ್ದೇಶಕ ನೀಲ್ ಮಾರ್ಷಲ್. ಆರು ಗೆಳತಿಯರು ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಗುಹೆಗೆ ಇಳಿಯುತ್ತಾರೆ. ಅವರಲ್ಲಿ ಸಾರಾ ಒಂದು ವರ್ಷದ ಹಿಂದೆ ಅಪಘಾತದಲ್ಲಿ ಗಂಡನನ್ನೂ ಮಗಳನ್ನೂ ಕಳೆದುಕೊಂಡವಳು. ಮನುಷ್ಯರನ್ನು ತಿನ್ನುವ ಜೀವಿಗಳು ಬರೋದು ಸಿನಿಮಾ ಅರ್ಧ ಕಳೆದ ಮೇಲೆ. ನಾನು ಹೆದರಿದ್ದು ಅದಕ್ಕೂ ಮುಂಚೆ.

ಒಂದು ಇಕ್ಕಟ್ಟಾದ ಬಿಲ. ಹೊಟ್ಟೆ ಮೇಲೆ ತೆವಳಿಕೊಂಡೇ ದಾಟಬೇಕು. ನಡುವೆ ಸಾರಾ ಸಿಕ್ಕಿಹಾಕಿಕೊಳ್ಳುತ್ತಾಳೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಗ ಬೆತ್ ಎಂಬ ಗೆಳತಿ ಅವಳ ಹತ್ತಿರ ಬಂದು ಮೆಲ್ಲಗೆ ಮಾತಾಡಿಸುತ್ತಾಳೆ. ಇವೆಲ್ಲ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಗುಹೆಗಳು ಅಂತ ಆಮೇಲೆ ಓದಿದೆ. ನೋಡುವಾಗ ಮಾತ್ರ ನನ್ನ ಎದೆಯೇ ಬಿಗಿದಿತ್ತು.

ಹಿಂದಿನ ಕುರ್ಚಿಯಲ್ಲಿ ಚಿಕ್ಕಮ್ಮನ ಮಾವ ಕೂತಿದ್ದರು. ನಮಗೆ ತಾತ. ಕೆಜಿಎಫ್ ಚಿನ್ನದ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಗನ ಮನೆಗೆ ಬಂದರು. ಇಂಗ್ಲಿಷ್ ಬರೋದಿಲ್ಲ. ಸುಮ್ನೆ ನೋಡುತ್ತಿದ್ದವರು, ಆ ಬಿಲದ ಹತ್ತಿರ ಒಮ್ಮೆಲೇ ಮುಂದಕ್ಕೆ ಬಾಗಿ ‘ಉಸಿರು ಬಿಡಮ್ಮಾ, ತಗೋಬೇಡ’ ಅಂದರು. ಹೇಳಿದ್ದು ಸಾರಾಗೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ತಾತ ಎದ್ದು ಹೋಗಿ ಮಲಗಿದರು.

ಬೆಳಗ್ಗೆ ಅಂತರಗಂಗೆ. ಬಸವನ ಬಾಯಿಂದ ಬೀಳುವ ನೀರು ಕುಡಿದು, ಕೋತಿಗಳಿಂದ ಬ್ಯಾಗು ಕಾಪಾಡಿಕೊಂಡು ಬೆಟ್ಟ ಹತ್ತಿದೆವು. ಇಲ್ಲಿನ ಗುಹೆಗಳು ನೀರಿಗೆ ಕಲ್ಲು ಕರಗಿ ಆದವಲ್ಲ. ಮನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ನಡುವೆ ಉಳಿದ ಸಂದುಗಳೇ ಗುಹೆ. ದಾರಿ ತೋರಿಸಲು ಬಂದ ಹುಡುಗ ಟಾರ್ಚ್ ಹಿಡಿದು ಸಲೀಸಾಗಿ ನುಸುಳಿ ಹೋದ. ತಂಗಿಯೂ ಹೋದಳು.

ನಾನು ಒಂದು ಸಂದಿನಲ್ಲಿ ನಿಂತುಬಿಟ್ಟೆ. ಎಡಗೈ ಮುಂದೆ ಚಾಚಿತ್ತು, ಬಲಗೈ ಹೊಟ್ಟೆ ಕೆಳಗೆ ಸಿಕ್ಕಿತ್ತು. ಕೆನ್ನೆ ಕಲ್ಲಿಗೆ ಒತ್ತಿತ್ತು. ಬಾವಲಿಯ ವಾಸನೆ. ಭಯಕ್ಕೆ ಜೋರಾಗಿ ಉಸಿರೆಳೆದೆ. ಎದೆ ಉಬ್ಬಿತು, ಬೆನ್ನು ಮೇಲಿನ ಬಂಡೆಗೆ ತಾಗಿತು. ಇನ್ನಷ್ಟು ಭಯ, ಇನ್ನಷ್ಟು ಉಸಿರು, ಇನ್ನಷ್ಟು ಬಿಗಿ. ಕಲ್ಲು ಅಲುಗಿರಲಿಲ್ಲ. ಉಬ್ಬುತ್ತಿದ್ದವಳು ನಾನು.

‘ಅಕ್ಕಾ, ತಾತ ಹೇಳಿದ್ದು ನೆನಪಿದ್ಯಾ?’ ಆಚೆಯಿಂದ ತಂಗಿಯ ದನಿ. ‘ಉಸಿರು ಬಿಡು. ಪೂರ್ತಿ ಬಿಡು. ನಾನಿಲ್ಲೇ ಇದೀನಿ.’ ಬಿಟ್ಟೆ. ಬೆನ್ನಿನ ಮೇಲೆ ಒಂದು ಬೆರಳಿನಷ್ಟು ಜಾಗ ಆಯಿತು. ಅಷ್ಟರಲ್ಲೇ ಸರಿದೆ. ಅವಳು ಏನೇನೋ ಮಾತಾಡುತ್ತಲೇ ಇದ್ದಳು. ಒಂದು ಮಾತೂ ನೆನಪಿಲ್ಲ, ದನಿ ಮಾತ್ರ ನೆನಪಿದೆ.

ಸಂಜೆ ತಾತ ನನ್ನ ಮೊಣಕೈ ಹಿಡಿದು, ತರಚಿದ ಜಾಗ ನೋಡಿದರು. ‘ಅಲ್ಲಿ ಯಾರು ಮಾತಾಡ್ಸಿದ್ರು?’ ಅಂದರು. ತಂಗಿ ಅಂದೆ. ತಲೆಯಾಡಿಸಿದರು. ಆಮೇಲೆ ತಾವಾಗೇ ಹೇಳಿದರು. ಆಳದ ಬಂಡೆ ಮೇಲಿನ ಭಾರ ತಡೆಯದೆ ಸಿಡಿಯುವುದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಅಂತಿದ್ದರು. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದವು. ಅಂಥ ಒಂದು ದಿನ ಇವರ ಸೊಂಟದವರೆಗೆ ಕಲ್ಲು ಬಿತ್ತು, ದೀಪ ಆರಿತು. ಜೊತೆಗಾರ ಕತ್ತಲಲ್ಲೇ ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇದ್ದ, ಬೇರೆಯವರು ಬರುವವರೆಗೂ. ‘ಅವನ ಹೆಂಡ್ತಿ ಮಾಡೋ ಮುದ್ದೆ, ಬಸ್ಸಾರು... ಅದನ್ನೇ ಹೇಳ್ತಿದ್ದ’ ಅಂದರು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ‘ನಿನ್ನೆ ಆ ಹುಡುಗಿ ಹೊರಗೆ ಬಂದ್ಲಾ?’

ಆ ಸಿನಿಮಾಕ್ಕೆ ಎರಡು ಕೊನೆಗಳಿವೆ. ನಾವು ನೋಡಿದ ಮೂಲ ಸಿನಿಮಾದಲ್ಲಿ ಸಾರಾ ಹೊರಗೆ ಬಂದದ್ದು ಬರೀ ಕನಸು, ಅವಳು ಗುಹೆಯಲ್ಲೇ ಉಳಿಯುತ್ತಾಳೆ. 2006ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಆ ಕೊನೆಯನ್ನು ಕತ್ತರಿಸಿದರು. ಅದರಲ್ಲಿ ಅವಳು ಹೊರಗೆ ಬರುತ್ತಾಳೆ.

ತಾತ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

‘ಬಂದ್ಲು ತಾತ’ ಅಂದೆ.