ತೆಳು ಗೆರೆ, ದಪ್ಪ ಗೆರೆ

ಪಾಲಿಟೆಕ್ನಿಕ್‌ನಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಓದುತ್ತಿದ್ದೇನೆ. 3 ವರ್ಷ, 6 ಸೆಮಿಸ್ಟರ್. ಸಂಜೆ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಗ್ಲಿಷ್ ಶಾರ್ಟ್‌ಹ್ಯಾಂಡ್, ಅಂದರೆ ಆಡಿದ ಮಾತನ್ನು ಗೆರೆಗಳಲ್ಲಿ ಬೇಗ ಬರೆದುಕೊಳ್ಳುವ ಶೀಘ್ರಲಿಪಿ. ಮನಸ್ಸು ಪೂರ್ತಿ ಅಲ್ಲೇ ಇದೆ.

ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿ ಇದು. ‘ಪ’ಗೂ ‘ಬ’ಗೂ ಒಂದೇ ಓರೆ ಗೆರೆ. ತೆಳುವಾಗಿ ಎಳೆದರೆ ಪ, ಒತ್ತಿ ಎಳೆದರೆ ಬ. ‘ಟ’, ‘ಡ’ಗೆ ನೆಟ್ಟಗಿನ ಗೆರೆ, ಅಲ್ಲೂ ಇದೇ ಲೆಕ್ಕ. ಬರೆಯುವುದು ಸ್ಪೆಲಿಂಗ್ ಅಲ್ಲ, ಕಿವಿಗೆ ಬಿದ್ದ ಸದ್ದು. ಪ ಫ ಬ ಭ ಮ ಅಂತ ತಿದ್ದಿ ಬೆಳೆದ ನಮಗೆ ಈ ಜೋಡಿಗಳು ಮೊದಲೇ ಗೊತ್ತು, ಅಲ್ವಾ?

ನಿನ್ನೆ ಡಿಕ್ಟೇಷನ್ ನಡುವೆ ಪೆನ್ಸಿಲ್ ಮೊನೆ ಸವೆದು ಗೆರೆಗಳೆಲ್ಲ ದಪ್ಪ ಆದವು. ಓದಲು ಹೋದರೆ ‘ಪ’ ಯಾವುದು, ‘ಬ’ ಯಾವುದು ತಿಳಿಯಲಿಲ್ಲ. ಕಣ್ಣು ತುಂಬಿ ಬಂತು. ಮೇಡಂ ನನ್ನ ಬೆರಳು ಸಡಿಲಿಸಿ, “ಕೈ ಹಗುರ ಬಿಡಮ್ಮ, ಪೆನ್ಸಿಲ್ ಹಿಡಿ, ಹಿಸುಕಬೇಡ” ಅಂದರು.

ಫೋನ್‌ನಲ್ಲಿ ರೆಕಾರ್ಡ್ ಮಾಡಿದರೆ ಆಯ್ತಲ್ಲ ಅಂತಾನೆ ಅಣ್ಣ. ಇರಬಹುದು. ಆದರೆ ಇನ್ನೊಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳುವುದನ್ನು ನಾನು ಕಲಿತದ್ದು ಆ ಬೆಂಚಿನ ಮೇಲೆ.

ಇವತ್ತು ನಾಲ್ಕು ಪೆನ್ಸಿಲ್ ಚೂಪು ಮಾಡಿ ಬ್ಯಾಗಿಗೆ ಹಾಕಿದ್ದೇನೆ.